ಅನ್ನ ಸಾರಿನ ದೀಪಾವಳಿ

ಕುಣಿಗಲ್ಲಿನ ಮದುವೆ ಛತ್ರದಲ್ಲಿ ಎರಡನೇ ಪಂಕ್ತಿ ಏಳುವ ಮೊದಲೇ ಮಕ್ಕಳು ವಾಂತಿ ಮಾಡಿಕೊಳ್ಳತೊಡಗಿದರು. ಮೊದಲು ಹೆಣ್ಣಿನ ಕಡೆಯ ಇಬ್ಬರು ಹುಡುಗರು, ಅವರ ಹಿಂದೆಯೇ ಇನ್ನೂ ಮೂರು ನಾಲ್ಕು ಮಕ್ಕಳು, ಆಮೇಲೆ ಗಂಡಿನ ಅಜ್ಜಿ ತಿಪ್ಪಮ್ಮ. ಬಿಸಿಲಲ್ಲಿ ಆಡಿ ಬಂದಿದ್ದಾವೆ, ಪಿತ್ತ ಇರಬೇಕು ಎಂದು ಯಾರೋ ಅಂದರು. ಹೋಳಿಗೆ ಕಾವಲಿಯ ಮುಂದಿದ್ದ ಅಡುಗೆ ಸದಾಶಿವಯ್ಯ ತಲೆ ಎತ್ತಿ ನೋಡಿದಾಗ ಅವರ ಮೊಮ್ಮಗಳು ದಾಕ್ಷಾಯಿಣಿ ಹಿಂಬಾಗಿಲ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಎಂಟು ವರ್ಷದ ಹುಡುಗಿ. ದಸರಾ ರಜೆಯೆಂದು ಗುಬ್ಬಿಯಿಂದ ತಾತನ ಜೊತೆ ಟೆಂಪೋ ಹತ್ತಿ ಬಂದಿದ್ದಳು.

"ತಾತಾ, ಬಾಯೆಲ್ಲ ಕಾಸು ಚೀಪಿದಂಗೆ ಆಗ್ತೈತೆ."

ಅಷ್ಟು ಹೇಳಿ ಅವಳು ಕಕ್ಕಿದ್ದು ಹಸಿರಾಗಿತ್ತು.

ಸದಾಶಿವಯ್ಯ ಅವಳನ್ನು ಎತ್ತಿಕೊಂಡು ಮುಂಬಾಗಿಲಿಗೆ ಬರುವಷ್ಟರಲ್ಲಿ ಛತ್ರದ ಅಂಗಳದ ತುಂಬ ಕೂಗಾಟ. ಹನ್ನೊಂದು ಮಕ್ಕಳು, ಮುದುಕಿ ತಿಪ್ಪಮ್ಮ. ಎಲ್ಲರನ್ನೂ ಸಿಕ್ಕ ಸಿಕ್ಕ ಗಾಡಿಗೆ ಹತ್ತಿಸುತ್ತಿದ್ದರು. ಗಂಡಿನ ತಂದೆ, ಮಾರ್ಕೋನಹಳ್ಳಿಯ ಕದರಯ್ಯ, ತಾಯಿಯನ್ನು ಕಾರಿನಲ್ಲಿ ಮಲಗಿಸಿ ತಿರುಗಿ ನಿಂತ.

"ಅಡುಗೆ ಮಾಡ್ದೋನು ಎಲ್ಲವ್ನೆ?"

ಯಾರೋ ಸದಾಶಿವಯ್ಯನವರ ಕಡೆ ಕೈ ತೋರಿಸಿದರು. ಮೈಮೇಲೆ ವಾಂತಿ, ತೋಳಿನಲ್ಲಿ ಜೋತುಬಿದ್ದ ಮೊಮ್ಮಗಳು. ಕದರಯ್ಯ ಎತ್ತಿದ ಕೈಯನ್ನು ಹಾಗೇ ಇಳಿಸಿದ. "ಹತ್ಸಿ ಅದುನ್ನೂವೆ," ಎಂದ.

ಸದಾಶಿವಯ್ಯನವರು ಮೂವತ್ತೈದು ವರ್ಷದಿಂದ ಮದುವೆ ಮುಂಜಿಗೆ ಅಡುಗೆ ಮಾಡಿದವರು. ಗುಬ್ಬಿ, ನಿಟ್ಟೂರು, ಕುಣಿಗಲ್ಲು, ಎಲ್ಲೇ ಹೋದರೂ ಅವರ ಕೈರುಚಿಗೆ ಎಷ್ಟು ಹೆಸರಿತ್ತೋ ನಾಲಿಗೆಗೂ ಅಷ್ಟೇ ಹೆಸರಿತ್ತು. ಒಮ್ಮೆ ಹುಳಿಗೆ ಉಪ್ಪು ಎರಡು ಸಲ ಬಿತ್ತೆಂದು ಇಡೀ ಪಾತ್ರೆಯನ್ನು ಚರಂಡಿಗೆ ಸುರಿದು, ಉಪ್ಪು ಹಾಕಿದ ಮಗನನ್ನು ಬೀಗರೆದುರಿಗೇ ಕತ್ತೆ ಎಂದು ಕರೆದಿದ್ದರು. ಮಗ ಚನ್ನಬಸವ ಆಗಲೇ ಮದುವೆಯಾದವನು. ಆಮೇಲೆ ಅವನು ಅಡುಗೆಯ ಸಹವಾಸ ಬಿಟ್ಟು ಗುಬ್ಬಿಯ ಕೊಬ್ಬರಿ ಮಂಡಿಯಲ್ಲಿ ತೂಕದ ಕೆಲಸಕ್ಕೆ ಸೇರಿದ. ಮನೆಯಲ್ಲಿ ಅಪ್ಪ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದ.

ಸಂಜೆ ಐದಕ್ಕೆ ಚನ್ನಬಸವನೂ ಅವನ ಹೆಂಡತಿ ಮಂಗಳಗೌರಿಯೂ ತುಮಕೂರಿನ ದೊಡ್ಡಾಸ್ಪತ್ರೆ ತಲುಪಿದರು. ಕುಣಿಗಲ್ಲಿನಿಂದ ದಾಕ್ಷುವನ್ನು ಅಲ್ಲಿಗೆ ಕಳಿಸಿದ್ದರು. ಬಿಸಿಲಲ್ಲಿ ಆಡಿದ ಮಕ್ಕಳು ಛತ್ರದ ನಿಂಬೆ ಪಾನಕವನ್ನು ಮತ್ತೆ ಮತ್ತೆ ಕುಡಿದಿದ್ದರು. ಹೆಚ್ಚು ಕುಡಿದವಳು ಅವಳೇ, ನಾಲ್ಕು ಲೋಟ. ಡ್ರಿಪ್ಪು ಹಾಕಿದ್ದರು. ತುಟಿ ಬೆಳ್ಳಗಾಗಿತ್ತು.

ಡಾಕ್ಟರು ಕನ್ನಡಕ ಒರೆಸಿಕೊಳ್ಳುತ್ತ ಕೇಳಿದರು. "ಪಾನಕ ಯಾವುದರಲ್ಲಿ ಮಾಡಿದ್ರಿ?"

"ಹಿತ್ತಾಳೆ ಕೊಪ್ಪರಿಗೇಲಿ ಸಾರ್," ಎಂದರು ಸದಾಶಿವಯ್ಯ. "ಬೆಳಿಗ್ಗೆ ಐದಕ್ಕೆ ನಿಂಬೆಹಣ್ಣು ಹಿಂಡಿಟ್ಟಿದ್ದು."

"ಒಳಗೆ ತವರದ ಕಲಾಯಿ ಇತ್ತಾ? ಹುಳಿ ಏನಾದ್ರೂ ಬರೀ ಹಿತ್ತಾಳೇಲಿ ಐದಾರು ಗಂಟೆ ನಿಂತ್ರೆ ವಿಷ ಆಗುತ್ತೆ. ಕುಡಿದ ಅರ್ಧ ಗಂಟೇಲಿ ಶುರುವಾಗುತ್ತೆ. ಇದೂ ಹಂಗೇ ಕಾಣ್ತಿದೆ."

"ಕಲಾಯಿ ಹೊಸದು ಸಾರ್. ದಸರಾಕ್ಕೆ ಮುಂಚೆ ಹಾಕ್ಸಿದ್ದು. ಇವನೇ ಹಾಕ್ಸ್ಕೊಂಡ್ ಬಂದ." ಸದಾಶಿವಯ್ಯ ಮಗನತ್ತ ನೋಡಿದರು.

ಚನ್ನಬಸವ ಮಗಳ ಕೈಗೆ ಚುಚ್ಚಿದ್ದ ಸೂಜಿಯನ್ನೇ ನೋಡುತ್ತಿದ್ದ. "ಹೂಂ," ಎಂದ.

"ಹಂಗಾದ್ರೆ ಬೇರೆ ಏನೋ ಇರಬೇಕು. ಉಳಿದ ಪಾನಕ ಇದ್ದಿದ್ರೆ ಟೆಸ್ಟಿಗೆ ಕಳಿಸಬಹುದಿತ್ತು."

ಉಳಿದಿದ್ದನ್ನು ಛತ್ರದಲ್ಲೇ ಚೆಲ್ಲಿ, ಪಾತ್ರೆಗಳನ್ನು ತೊಳೆದು ಟೆಂಪೋದಲ್ಲಿ ಗುಬ್ಬಿಗೆ ಕಳಿಸಿಯಾಗಿತ್ತು.

ಹೋಗುವಾಗ ಡಾಕ್ಟರು ಮಂಗಳಗೌರಿಯನ್ನು ಕರೆದು ಹೇಳಿದರು. "ಮಗು ಉಚ್ಚೆ ಮಾಡಿದಾಗೆಲ್ಲ ಬಣ್ಣ ನೋಡಮ್ಮ. ಕಾಫಿ ಬಣ್ಣಕ್ಕೆ ತಿರುಗಿದ್ರೆ ತಕ್ಷಣ ಹೇಳು. ಕಿಡ್ನಿ ವಿಷಯ."

ಐದು ದಿನ ಮಂಗಳಗೌರಿ ಅದೊಂದನ್ನೇ ನೋಡಿದಳು. ಪ್ರತಿ ಸಲವೂ ಬೆಡ್‌ಪ್ಯಾನನ್ನು ಕಿಟಕಿಯ ಬೆಳಕಿಗೆ ಒಯ್ದು, ಓರೆ ಮಾಡಿ, ಪಕ್ಕದ ಮಂಚದವರಿಗೂ ತೋರಿಸಿ ಕೇಳುತ್ತಿದ್ದಳು. "ಇದು ಹಳದೀನೇ ಅಲ್ವಾ? ಕಂದಲ್ಲ ಅಲ್ವಾ?" ಎರಡನೇ ದಿನ ಸ್ವಲ್ಪ ಕಂದು ಬಣ್ಣವಾಯಿತು. ಅವಳು ಬರಿಗಾಲಲ್ಲಿ ನರ್ಸಿನ ಹತ್ತಿರ ಓಡಿದಳು. ಮೂರನೇ ದಿನ ಮತ್ತೆ ತಿಳಿಯಾಯಿತು. ಐದನೇ ದಿನ ಮನೆಗೆ ಕಳಿಸಿದರು. ಬೇರೆ ಮಕ್ಕಳೂ ಚೇತರಿಸಿಕೊಂಡಿದ್ದವು. ತಿಪ್ಪಮ್ಮ ಮಾತ್ರ ಇನ್ನೂ ಕುಣಿಗಲ್ಲಿನ ಆಸ್ಪತ್ರೆಯಲ್ಲಿದ್ದಳು. ವಯಸ್ಸಾದ ಜೀವ, ಏನೂ ಹೇಳಲಾಗದು ಎಂದಿದ್ದರಂತೆ.

ಮನೆಗೆ ಬಂದ ಮೇಲೆ ದಾಕ್ಷು ಊಟ ಬಿಟ್ಟಳು.

ಮೊದಲ ದಿನ ಅಜ್ಜಿ ಸರ್ವಮಂಗಳಮ್ಮ ಮೆತ್ತಗೆ ಅನ್ನ ಕಲಸಿ ತಂದರು. ಹುಡುಗಿ ಬಾಯಿ ಮುಚ್ಚಿಕೊಂಡಳು. ಹಾಲು ಕೊಟ್ಟರೆ ಲೋಟದೊಳಗೆ ಇಣುಕಿ ನೋಡಿ ಇಟ್ಟುಬಿಟ್ಟಳು. ಅಂಗಡಿಯಿಂದ ತಂದ ಬಿಸ್ಕತ್ತಿನ ಪ್ಯಾಕೆಟ್ಟನ್ನು ಅವಳೇ ಹರಿಯಬೇಕು, ಬೇರೆಯವರು ಒಡೆದದ್ದಾದರೆ ಬೇಡ. ಎಳನೀರಾದರೆ ಅವಳ ಕಣ್ಣೆದುರೇ ಕೆತ್ತಬೇಕು. ಹೀಗೇ ಮೂರು ದಿನ. ಫ್ರಾಕಿನ ತೋಳಿನಿಂದ ಹೊರಗೆ ಕೈಗಳು ಕಡ್ಡಿಯಂತೆ ಕಾಣತೊಡಗಿದವು.

"ಎರಡು ಏಟು ಕೊಟ್ಟು ತಿನ್ಸು," ಎಂದರು ಸರ್ವಮಂಗಳಮ್ಮ.

"ಕೊಡಿ ಅತ್ತೆ, ನೀವೇ ಕೊಡಿ," ಎಂದಳು ಮಂಗಳಗೌರಿ. "ನೀವು ಯಾಕೆ ನಿನ್ನೆ ಬೇಳೆ ಡಬ್ಬ ತಿಪ್ಪೆಗೆ ಸುರಿದ್ರಿ, ಅದನ್ನೂ ಹೇಳಿ."

"ಅದರಲ್ಲಿ ಹುಳ ಇತ್ತು."

"ಹುಳ ಇರಲಿಲ್ಲ. ನಾನು ನೋಡ್ದೆ."

ಹುಣಸೆಹಣ್ಣು, ಬೆಲ್ಲ, ಹಳೆಯ ಸಾರಿನ ಪುಡಿ ಎಲ್ಲವೂ ಒಂದೊಂದಾಗಿ ತಿಪ್ಪೆ ಸೇರುತ್ತಿದ್ದವು. ಊಟದ ಹೊತ್ತಿಗೆ ಆ ಮನೆಯಲ್ಲಿ ಯಾರೂ ಮೊದಲು ಕೈ ಹಾಕುತ್ತಿರಲಿಲ್ಲ. ಯಾರಿಗಾದರೂ ತೇಗು ಬಂದರೆ ಎಲ್ಲರ ಕಣ್ಣೂ ಅತ್ತ ಹೋಗುತ್ತಿತ್ತು.

ಸದಾಶಿವಯ್ಯ ಅಡುಗೆಮನೆಯ ಹೊಸ್ತಿಲು ದಾಟುವುದನ್ನೇ ಬಿಟ್ಟರು. ಕಾರ್ತಿಕಕ್ಕೆ ಒಪ್ಪಿಕೊಂಡಿದ್ದ ಎರಡು ಮದುವೆಯವರು ಬಂದು, ಬೇರೆ ಅಡುಗೆಯವರನ್ನು ನೋಡಿಕೊಂಡಿದ್ದೇವೆ ಎಂದು ಹೇಳಿ, ಕೊಟ್ಟ ನೀರನ್ನೂ ಕುಡಿಯದೆ ಎದ್ದುಹೋದರು. ಸದಾಶಿವಯ್ಯ ಯಾರನ್ನೂ ಬಯ್ಯಲಿಲ್ಲ. ಜಗುಲಿಯ ಮೇಲೆ ಕೂತು ತಮ್ಮ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು. ಬೀದಿಯಲ್ಲಿ ಜೀಪಿನ ಸದ್ದಾದರೆ ಪೊಲೀಸರೆಂದು ಒಳಗೆದ್ದು ಹೋಗುತ್ತಿದ್ದರು.

"ನನ್ನ ಕೈಯಲ್ಲೇ ಏನೋ ಕೆಟ್ಟೈತೆ ಕಣೇ," ಎಂದು ಒಂದು ಮಧ್ಯಾಹ್ನ ಹೆಂಡತಿಗೆ ಹೇಳಿದರು. "ಕಣ್ಣು ಮಂಜಾಗಿ ಸಕ್ಕರೆ ಅಂತ ಇನ್ನೇನನ್ನೋ ಸುರಿದೆನೋ ಏನೋ."

ಬಾಗಿಲ ಹಿಂದೆ ನಿಂತಿದ್ದ ಚನ್ನಬಸವ ಆ ಮಾತು ಕೇಳಿಸಿಕೊಂಡು, ಉಟ್ಟ ಪಂಚೆಯಲ್ಲೇ ಮಂಡಿಗೆ ಹೊರಟುಹೋದ.

ಜೀಪು ಬರಲಿಲ್ಲ. ಸೋಮವಾರ ಸಂತೆಯ ದಿನ ಕುಣಿಗಲ್ಲಿನಿಂದ ಒಬ್ಬ ಪೇದೆ ಬಸ್ಸಿನಲ್ಲಿ ಬಂದ. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಪೇದೆ ನಡುಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು ಸದಾಶಿವಯ್ಯನವರ ಹೇಳಿಕೆ ಬರೆದುಕೊಂಡ.

"ಕಲಾಯಿ ಹಾಕಿದೋನು ಯಾರು?"

"ತುಮಕೂರಿನ ಇಸಾಕ್ ಸಾಬ್ರು. ಇಪ್ಪತ್ತು ವರ್ಷದಿಂದ ಅವರೇ ಹಾಕೋದು."

"ಅವನನ್ನೂ ಕರೆಸಬೇಕಾಗುತ್ತೆ. ಆ ಮುದುಕಿಗೇನಾದ್ರೂ ಆದ್ರೆ ಕೇಸು ಬೇರೆ ಥರಾನೇ ಆಗುತ್ತೆ, ತಿಳ್ಕೊಳಿ." ಪೇದೆ ಎದ್ದ. "ಪಾತ್ರೆ ತೋರಿಸಿ."

ಸದಾಶಿವಯ್ಯ ಏಳುವ ಮೊದಲೇ "ನಾನು ತೋರಿಸ್ತೀನಿ ಬನ್ನಿ," ಎಂದು ಚನ್ನಬಸವ ಹಿತ್ತಲಿಗೆ ಕರೆದೊಯ್ದ. ಅಡುಗೆಮನೆಯ ಕಿಟಕಿಯ ಹತ್ತಿರ ಪಾತ್ರೆ ಉಜ್ಜುತ್ತಿದ್ದ ಮಂಗಳಗೌರಿಗೆ ಅವರ ಮಾತು ಕೇಳಿಸಿತು.

"ಪಾನಕ ಮಾಡಿದ್ದು ಯಾವುದರಲ್ಲಿ?"

"ಇದರಲ್ಲಿ ಸಾರ್."

ಅವಳು ಬಗ್ಗಿ ನೋಡಿದಳು. ಗಂಡ ಕೈಯಿಟ್ಟು ತೋರಿಸುತ್ತಿದ್ದದ್ದು ಪಲ್ಯದ ಪಾತ್ರೆಯನ್ನು. ಒಳಗೆ ಕಲಾಯಿ ಬೆಳ್ಳಿಯಂತೆ ಹೊಳೆಯುತ್ತಿತ್ತು. ಮುನ್ನೂರು ಜನಕ್ಕೆ ಅದರಲ್ಲಿ ಪಾನಕ ಮಾಡಲು ಸಾಧ್ಯವಿರಲಿಲ್ಲ. ಪೇದೆ ಇಣುಕಿ ನೋಡಿ, ಪುಸ್ತಕದಲ್ಲಿ ಗೀಚಿಕೊಂಡು ಹೋದ.

ಮಂಗಳಗೌರಿ ಕೈ ತೊಳೆದುಕೊಂಡು, ಹೊರಗಿನ ಪಾತ್ರೆಗಳ ನಡುವೆ ಕೊಪ್ಪರಿಗೆ ಕಾಣದೆ, ಹಿತ್ತಲ ಕೊನೆಯಲ್ಲಿದ್ದ ಸೌದೆ ಕೊಟ್ಟಿಗೆಗೆ ಹೋದಳು. ತೆಂಗಿನ ಮಟ್ಟೆಯ ರಾಶಿಯನ್ನು ಸರಿಸಿದಳು. ಅಡಿಯಲ್ಲಿ ಕೊಪ್ಪರಿಗೆ ಬೋರಲು ಬಿದ್ದಿತ್ತು. ಬೆರಳು ಕೊಟ್ಟು ಎತ್ತಿ ನೋಡಿದಳು. ಒಳಗೆ ಬರೀ ಹಳದಿ ಹಿತ್ತಾಳೆ. ಕಲಾಯಿ ಅಲ್ಲೊಂದು ಇಲ್ಲೊಂದು ಚಕ್ಕೆಯಂತೆ ಉಳಿದಿತ್ತು. ಕಂಠದ ಸುತ್ತ ಹಸಿರು ಗೆರೆ.

ಅವಳು ಹೊರಗೆ ಬಂದಾಗ ಗಂಡ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ.

"ಕಲಾಯಿ ಹಾಕ್ಸೇ ಇಲ್ಲ," ಎಂದಳು.

"ಮೆಲ್ಲಗೆ ಮಾತಾಡು."

"ಹಾಕ್ಸಿದೀನಿ ಅಂದ್ರಿ. ಡಾಕ್ಟರ ಮುಂದೆ ಹೂಂ ಅಂದ್ರಿ. ಅವರಿಗೆ ಗೊತ್ತಾಗಿದ್ರೆ ಔಷಧಿ ಬೇರೆ ಕೊಡ್ತಿದ್ರೋ ಏನೋ. ನಾನಲ್ಲಿ ಅವಳ ಉಚ್ಚೆ ಬಣ್ಣ ನೋಡ್ಕೊಂಡು ಕೂತಿದ್ದೆ, ನೀವು ಪಕ್ಕದಲ್ಲೇ ಇದ್ರಿ."

ಚನ್ನಬಸವ ಸೌದೆಯ ಮೇಲೆ ಕುಸಿದು ಕೂತ. "ಸಾಬ್ರ ಹತ್ರ ದಸರಾ ರಶ್ ಇತ್ತು. ಸಣ್ಣವು ಮೂರು ಹಾಕ್ಕೊಟ್ರು, ಇದನ್ನ ಬಿಟ್ಟು ಹೋಗಿ, ವಾರ ಆಗ್ತದೆ ಅಂದ್ರು. ಬಿಟ್ಟು ಬಂದಿದ್ರೆ ದೊಡ್ಡದೆಲ್ಲಿ ಅಂತ ಅಪ್ಪಾಜಿ ಬೀದಿಗೆ ಕೇಳೋ ಹಂಗೆ ಕೂಗಾಡ್ತಿದ್ರು. ಮದುವೆ ಕಾಲಕ್ಕೆ ತಾನೇ ಇದು ಬೇಕಾಗೋದು, ಅಷ್ಟರಲ್ಲಿ ಹಾಕ್ಸಿದ್ರಾಯ್ತು ಅಂತ ವಾಪಸ್ ತಂದೆ. ಎಲ್ಲಾ ಆಯ್ತು ಅಂದ್ಬಿಟ್ಟೆ. ನಡುವೆ ಈ ಮದುವೆ ಬಂತು."

"ಅವತ್ತು ಬೆಳಿಗ್ಗೆ ಟೆಂಪೋಗೆ ಪಾತ್ರೆ ಹಾಕುವಾಗ ನೀವೇ ನಿಂತಿದ್ರಲ್ಲ."

ಅವನು ಸೌದೆಯ ಸಿಬಿರು ಕೀಳುತ್ತ ಕೂತ.

"ದಾಕ್ಷುನ ಹತ್ಸಿದ್ದೂ ನೀವೇ."

"ಗೌರಿ, ನಿನ್ನ ಕಾಲಿಗೆ ಬೀಳ್ತೀನಿ. ಆ ಮುದುಕಿ ಹುಷಾರಾಗ್ಲಿ, ಆಮೇಲೆ ಹೇಳ್ತೀನಿ. ಈಗ ಹೇಳಿದ್ರೆ ನನ್ನ ಒಳಗೆ ಹಾಕ್ತಾರೆ."

ಮಂಗಳಗೌರಿಗೆ ಮಗಳು ಉಳಿಯುತ್ತಾಳೋ ಇಲ್ಲವೋ ಎಂಬ ಹೆದರಿಕೆ ಇನ್ನೂ ಹೋಗಿರಲಿಲ್ಲ. ಈಗ ಅದರ ಜೊತೆಗೆ ಇದೊಂದು ಸೇರಿತು. ಬಾಯಿ ಬಿಟ್ಟರೆ ಗಂಡ ಜೈಲಿಗೆ, ಬಿಡದಿದ್ದರೆ ಮಾವ. ಬೀದಿಯ ನಲ್ಲಿಯ ಹತ್ತಿರ, ಕುಣಿಗಲ್ಲಿನ ಅಜ್ಜಿ ಹೋಗಿಬಿಟ್ಟರಂತೆ ಹೌದಾ ಎಂದು ಯಾರೋ ಕೇಳಿದಾಗ ಬಿಂದಿಗೆ ಕೈಜಾರಿ ಬಿತ್ತು. ಅದು ಸುಳ್ಳು ಸುದ್ದಿ ಎಂದು ತಿಳಿಯಲು ಸಂಜೆಯಾಯಿತು.

ಗುರುವಾರ ಬೆಳಿಗ್ಗೆ ಇಸಾಕ್ ಸಾಬರು ಬಂದರು. ಎಪ್ಪತ್ತರ ಹತ್ತಿರದ ಮನುಷ್ಯ, ತವರದ ಹೊಗೆ ಕುಡಿದು ಕುಡಿದು ಕೆಮ್ಮು. ಎಂದೂ ಮನೆಗೆ ಬಂದವರಲ್ಲ. ಜಗುಲಿಯ ಕೆಳಗೇ ನಿಂತರು. ಕೈಯಲ್ಲಿ ಒಂದು ಕಾಗದ ಇತ್ತು.

"ಅಯ್ನೋರೆ, ಶನಿವಾರ ಕುಣಿಗಲ್ ಸ್ಟೇಷನ್ನಿಗೆ ಬಾ ಅಂತ ಬರೆದವ್ರೆ. ನನ್ನ ಕಲಾಯಿಂದ ಮಕ್ಕಳಿಗೆ ವಿಷ ಆಯ್ತು ಅಂತ ನೀವು ಹೇಳಿದ್ರಂತೆ."

"ವಿಷ ಅಂತ ನಾನು ಹೇಳಿಲ್ಲ ಸಾಬ್ರೆ. ಕಲಾಯಿ ನೀವು ಹಾಕಿದ್ದು ಅಂದೆ, ಅಷ್ಟೇಯ."

"ನಾನು ಮೂರು ಪಾತ್ರೆಗೆ ಹಾಕಿದ್ದು. ಆ ಕೊಪ್ಪರಿಗೆಗೆ ನಾನು ಕೈನೇ ಇಟ್ಟಿಲ್ಲ." ಸಾಬರು ಕಾಗದವನ್ನು ಮುಂದೆ ಹಿಡಿದರು. "ನಮ್ಮನೇಲಿ ಮೂರು ದಿನದಿಂದ ಒಲೆ ಹಚ್ಚಿಲ್ಲ ಅಯ್ನೋರೆ. ಸಾಬಿ ಪಾತ್ರೇಲಿ ವಿಷ ಹಾಕ್ದ ಅಂತ ಒಬ್ಬ ಅಂದ್ರೆ ಸಾಕು, ನೂರು ಜನ ಅಂತಾರೆ. ಅಂಗಡಿ ಬಾಗಿಲು ತೆಗಿಬೇಡ ಅಂತಾನೆ ಮಗ. ನಾನು ಎಲ್ಲಿಗೆ ಹೋಗಲಿ?"

"ಕೈ ಇಟ್ಟಿಲ್ಲ ಅಂದ್ರೆ ಏನು ಮಾತು? ನಾಲ್ಕೂ ಆಯ್ತು ಅಂತ ನಮ್ಮ ಹುಡುಗ..." ಸದಾಶಿವಯ್ಯ ಅರ್ಧಕ್ಕೇ ನಿಲ್ಲಿಸಿದರು. ತಿರುಗಿ ನೋಡಿದರು.

ಚನ್ನಬಸವ ನಡುಮನೆಯ ಕಂಬಕ್ಕೆ ಒರಗಿ ನಿಂತಿದ್ದ. ಮಂಗಳಗೌರಿ ಅಡುಗೆಮನೆಯ ಬಾಗಿಲಿನಿಂದ ಹೇಳಿದಳು. "ನೀವು ಹೇಳ್ತೀರೋ, ನಾನು ಹೇಳ್ಲೋ?"

ಅವನು ಹೊರಗೆ ಬಂದು, ಜಗುಲಿಯಿಂದ ಇಳಿದು ಸಾಬರ ಪಕ್ಕದಲ್ಲಿ ನಿಂತುಕೊಂಡ. ಹೇಳಿದ. ಹೇಳುವಾಗ ಬೀದಿಯ ಇನ್ನೊಂದು ಬದಿಯಲ್ಲಿ ಎರಡು ಬಾಗಿಲು ತೆರೆದುಕೊಂಡವು. ಅವನು ನಿಲ್ಲಿಸಲಿಲ್ಲ.

ಸದಾಶಿವಯ್ಯ ಈಗ ಎದ್ದು ಹೊಡೆಯುತ್ತಾರೆ ಎಂದು ಸರ್ವಮಂಗಳಮ್ಮ ಮುಂದೆ ಬಂದರು. ಅವರು ಏಳಲಿಲ್ಲ.

"ಕೊಪ್ಪರಿಗೇನ ಟೆಂಪೋಗೆ ಹಾಕೋದ್ನ ನೀನು ನೋಡಿದ್ಯೇನ್ಲಾ?"

"ನೋಡಿದ್ದೆ."

"ಒಂದು ಮಾತು ಅಂದಿದ್ರೆ ನಾನು ಬೇರೆ ಪಾತ್ರೆ ತಗೊಂಡ್ ಹೋಗ್ತಿದ್ದೆ."

"ಬೀದೀಲಿ ಜನ ಇದ್ರು. ನೀವು ಬಯ್ತಿದ್ರಿ."

"ಬಯ್ತಿದ್ದೆ," ಎಂದರು ಸದಾಶಿವಯ್ಯ. ಆಮೇಲೆ ಸಾಬರ ಕಡೆ ತಿರುಗಿದರು. "ನಾನೂ ಒಂದು ಸಲ ಒಳಗೆ ಬಗ್ಗಿ ನೋಡ್ಲಿಲ್ಲ ಸಾಬ್ರೆ. ಕತ್ತಲಿತ್ತು. ಮಗ ಆಯ್ತು ಅಂದವ್ನೆ ಅಂತ ನೀರು ಸುರಿಸ್ದೆ. ಹೆಸರು ಹೇಳಿದ್ದು ಮಾತ್ರ ನಿಮ್ಮದು. ಮೇಲೆ ಬನ್ನಿ, ಕೂತ್ಕೊಳಿ."

ಇಸಾಕ್ ಸಾಬರು ಕೂರಲಿಲ್ಲ. "ಶನಿವಾರ ಸ್ಟೇಷನ್ನಲ್ಲಿ ಇದನ್ನೇ ಹೇಳ್ರಿ. ಇಲ್ಲಿ ಹೇಳಿದ್ದು ನನಗೆ ಸಾಲಲ್ಲ," ಎಂದು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಶನಿವಾರ ಅಪ್ಪ ಮಗ ಇಬ್ಬರೂ ಕೊಪ್ಪರಿಗೆಯನ್ನು ಬಸ್ಸಿನ ಮೇಲೆ ಹಾಕಿಕೊಂಡು ಕುಣಿಗಲ್ಲಿಗೆ ಹೋದರು. ಬಟ್ಟೆಯ ಚೀಲದಲ್ಲಿ ಚನ್ನಬಸವನಿಗೆ ಒಂದು ಜೊತೆ ಬಟ್ಟೆ, ಟವೆಲ್ಲು ಇಟ್ಟು ಕಳಿಸಿದ್ದರು ಸರ್ವಮಂಗಳಮ್ಮ. ವಾಪಸ್ ಬರುತ್ತಾನೆಂದು ಅವರು ನಂಬಿರಲಿಲ್ಲ. ಸ್ಟೇಷನ್ನಿನಲ್ಲಿ ಇಬ್ಬರನ್ನೂ ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿ, ಬೈದು, ಹೇಳಿಕೆ ಬರೆಸಿಕೊಂಡು, ಕರೆದಾಗ ಬರಬೇಕೆಂದು ಹೇಳಿ ಬಿಟ್ಟರು. ಸಾಬರ ಹೆಸರನ್ನು ಹೊಡೆದುಹಾಕಿದ್ದನ್ನು ಚನ್ನಬಸವ ಕಣ್ಣಾರೆ ನೋಡಿಕೊಂಡು ಬಂದ.

ಅಲ್ಲಿಂದ ಆಸ್ಪತ್ರೆಗೆ ಹೋದರು. ವಾರ್ಡಿನ ಬಾಗಿಲಲ್ಲೇ ಕದರಯ್ಯ ತಡೆದ. ಅವನು ಕೇಳಿದ್ದಕ್ಕೆಲ್ಲ ಚನ್ನಬಸವ ತಲೆ ತಗ್ಗಿಸಿ ಉತ್ತರ ಕೊಟ್ಟ. ಒಳಗಿನಿಂದ ತಿಪ್ಪಮ್ಮನ ದನಿ ಕೇಳಿಸಿತು.

"ಯಾರ್ಲಾ ಅದು?"

"ಅಡುಗೆಯೋರು ಕಣವ್ವ."

"ಬರಕ್ಕೇಳು."

ಅವಳು ಎದ್ದು ಕೂತಿದ್ದಳು. ಮುಖ ಊದಿಕೊಂಡಿತ್ತು. ಆದರೆ ಕಣ್ಣು ಚುರುಕಾಗಿತ್ತು. "ಬರೀ ನೀರ್ ಕೊಟ್ಟು ಮಡಗವ್ರೆ ಕಣ್ ಸ್ವಾಮಿ. ಮನೆಯಿಂದ ಏನೂ ತರಕ್ಕಿಲ್ಲ, ಹೆದರ್ತವೆ. ಹಸಿದು ಸಾಯಂಗಾಗದೆ. ನಿಮ್ಮ ಮೊಮ್ಮಗಳು ಉಣ್ತಾಳಾ?"

"ಇಲ್ಲ ತಾಯಿ," ಎಂದರು ಸದಾಶಿವಯ್ಯ. "ಇವತ್ತಿಗೆ ಎಂಟು ದಿನ. ಅನ್ನ ಮುಟ್ಟಿಲ್ಲ."

"ಮಗಾ ಹೆದರ್ಕಂಡದೆ. ಕಣ್ಣ್ ಮುಂದೆ ಬೇಸಿ ಇಕ್ಕಿ. ಸುಮ್ಕೆ ಅನ್ನ ಸಾರು."

ವಾಪಸ್ ಬರುವ ಬಸ್ಸಿನಲ್ಲಿ ಸದಾಶಿವಯ್ಯ ಈ ಮಾತನ್ನು ಎರಡು ಸಲ ಹೇಳಿಕೊಂಡರು. ಮನೆಗೆ ಬಂದು ಸೊಸೆಗೂ ಹೇಳಿದರು. ಆದರೆ ಒಲೆಯ ಮುಂದೆ ನಿಲ್ಲುವ ಧೈರ್ಯ ಅವರಿಗೆ ಬರಲಿಲ್ಲ. ಅಷ್ಟರಲ್ಲಿ ಹುಡುಗಿ ಗೋಡೆ ಹಿಡಿದು ನಡೆಯುವಂತಾಗಿದ್ದಳು. ಗುಬ್ಬಿಯ ಡಾಕ್ಟರು, ಇನ್ನೆರಡು ದಿನ ಹೀಗೇ ಆದರೆ ಮತ್ತೆ ತುಮಕೂರಿಗೆ ಸೇರಿಸಿ ಎಂದರು.

ಬಲಿಪಾಡ್ಯಮಿ ಬಂತು. ಬೇರೆ ವರ್ಷಗಳಲ್ಲಿ ಆ ದಿನ ಸದಾಶಿವಯ್ಯನವರ ಮನೆಯ ಹೋಳಿಗೆ, ಕಜ್ಜಾಯ ಬೀದಿಗೆಲ್ಲ ಹೋಗುತ್ತಿದ್ದವು.

"ಈ ವರ್ಷ ಹಬ್ಬ ಬೇಡ," ಎಂದರು ಸರ್ವಮಂಗಳಮ್ಮ. "ದೇವರಿಗೊಂದು ದೀಪ ಹಚ್ಚಿದ್ರೆ ಸಾಕು."

"ಹಬ್ಬ ಮಾಡ್ತೀವಿ ಅತ್ತೆ," ಎಂದಳು ಮಂಗಳಗೌರಿ. ಸೀಮೆಎಣ್ಣೆ ಸ್ಟೌವನ್ನು ಅಡುಗೆಮನೆಯಿಂದ ಎತ್ತಿ ತಂದು ನಡುಮನೆಯಲ್ಲಿಟ್ಟಳು. ದಾಕ್ಷುವನ್ನು ಎದುರಿಗೆ ಮಣೆಯ ಮೇಲೆ ಕೂರಿಸಿದಳು. ಎರಡು ಸ್ಟೀಲ್ ಪಾತ್ರೆಗಳನ್ನು ಅವಳ ಮಡಿಲಿಗೆ ಕೊಟ್ಟಳು. "ನೋಡು. ಒಳಗೆ ಕೈಯಾಡಿಸು. ಸರಿ ಇದೆಯಾ?"

ಹುಡುಗಿ ಎರಡನ್ನೂ ಬೆಳಕಿಗೆ ಹಿಡಿದು, ತಳದಲ್ಲಿ ಬೆರಳು ತಿರುಗಿಸಿ ನೋಡಿದಳು. ಒಂದನ್ನು ಹಿಂದಕ್ಕೆ ಕೊಟ್ಟಳು. "ಇದನ್ನ ಇನ್ನೊಂದು ಸಲ ತೊಳಿ."

ತೊಳೆದು ತಂದರು. ಅಕ್ಕಿಯನ್ನು ಅವಳೇ ಆರಿಸಿದಳು. ತೊಗರಿಬೇಳೆಯ ಹೊಸ ಪೊಟ್ಟಣವನ್ನು ಅವಳೇ ಬಿಚ್ಚಿದಳು.

"ಮಾವ, ಬನ್ನಿ," ಎಂದಳು ಮಂಗಳಗೌರಿ.

"ನನ್ನ ಕೈಲಾಗಲ್ಲ ಕಣಮ್ಮ. ನೀನೇ ಮಾಡು."

"ಅವಳು ಹೆದರಿರೋದು ನಿಮ್ಮ ಅಡುಗೆಗೆ. ನಾನು ಮಾಡಿ ಏನು ಪ್ರಯೋಜನ?"

ಸಾವಿರ ಜನಕ್ಕೆ ಬಡಿಸಿದ ಮನುಷ್ಯ ಐದು ಜನರ ಅಕ್ಕಿಗೆ ನೀರು ಅಳೆಯಲಾರದೆ ಕೂತರು. ಮೊದಲ ಸಲ ನೀರು ಚೆಲ್ಲಿತು. ಟೊಮೆಟೊ ಹೆಚ್ಚುವಾಗ ಈಳಿಗೆಗೆ ಬೆರಳು ತಾಗಿತು. ಅವರು ಹಾಕುವ ಪ್ರತಿಯೊಂದನ್ನೂ ಹುಡುಗಿ ಕೇಳುತ್ತಿದ್ದಳು. ಇದೇನು? ಉಪ್ಪು. ತೋರ್ಸು. ಇದು? ಸಾರಿನ ಪುಡಿ, ನಿಮ್ಮಮ್ಮ ನಿನ್ನೆ ಹುರಿದಿದ್ದು. ತಿನ್ನು ಸ್ವಲ್ಪ. ತಾತ ನಾಲಿಗೆಗೆ ಹಾಕಿಕೊಂಡು ತೋರಿಸಿದರು. ಹುಳಿ ಹಿಂಡುವ ಹೊತ್ತಿಗೆ ಅವಳು ಹಿಂದಕ್ಕೆ ಸರಿದು ಗೋಡೆಗೆ ಒತ್ತಿಕೊಂಡಳು. ಸದಾಶಿವಯ್ಯ ಹುಣಸೆಹಣ್ಣನ್ನು ಪಕ್ಕಕ್ಕಿಟ್ಟರು. "ಬೇಡ ಬುಡು. ಟೊಮೆಟೊ ಸಾಕು," ಎಂದರು.

ಐದು ತಟ್ಟೆ ಹಾಕಿದರು. ಅನ್ನ, ಸಾರು, ಒಂದೊಂದು ಚಮಚ ತುಪ್ಪ. ಯಾರೂ ಕೈ ಹಾಕಲಿಲ್ಲ.

"ಅಪ್ಪ ಮೊದ್ಲು ತಿನ್ಲಿ," ಎಂದಳು ದಾಕ್ಷು.

ಅವಳಿಗೆ ಎಷ್ಟು ಗೊತ್ತಿತ್ತೋ ಯಾರೂ ಕೇಳಲಿಲ್ಲ. ಚಿಕ್ಕ ಮನೆ, ಬೀದಿಗೆಲ್ಲ ಕೇಳಿಸಿದ್ದು ಅವಳಿಗೂ ಕೇಳಿಸಿತ್ತು. ಚನ್ನಬಸವ ಕಲಸಿ ಬಾಯಿಗಿಟ್ಟ. ನುಂಗಿದ. ತಟ್ಟೆ ಪೂರ್ತಿ ಮುಗಿಸಿದ.

"ಈಗ ನೀನು," ಎಂದರು ಅಜ್ಜಿ.

"ಅರ್ಧ ಗಂಟೆ ಆಗ್ಲಿ. ಅರ್ಧ ಗಂಟೇಲಿ ಶುರುವಾಗುತ್ತೆ ಅಂತ ಡಾಕ್ಟರ್ ಹೇಳಿದ್ರು."

ಗಡಿಯಾರದಲ್ಲಿ ಒಂದೂ ಹತ್ತು. ಎಲ್ಲರೂ ಕಾದರು. ಬೀದಿಯಲ್ಲಿ ಪಟಾಕಿ ಸಿಡಿದಾಗಲೆಲ್ಲ ಸರ್ವಮಂಗಳಮ್ಮ ಬೆಚ್ಚುತ್ತಿದ್ದರು. ಚನ್ನಬಸವನ ಹಣೆಯಲ್ಲಿ ಬೆವರು ಕಂಡು ಮಂಗಳಗೌರಿ, "ಹೊಟ್ಟೇಲಿ ಏನಾದ್ರೂ..." ಎಂದು ಪಿಸುಗುಟ್ಟಿದಳು. ಅವನು ಇಲ್ಲವೆಂದು ತಲೆಯಾಡಿಸಿದ. ಏನೂ ಆಗುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಅವರೆಲ್ಲ ಅವನ ಮುಖವನ್ನೇ ನೋಡುತ್ತ ಹೆದರಿ ಕೂತಿದ್ದರು. ಅನ್ನದ ಮೇಲೆ ತುಪ್ಪ ಹೆಪ್ಪುಗಟ್ಟಿತು.

ಒಂದೂ ನಲವತ್ತಕ್ಕೆ ದಾಕ್ಷು ಎದ್ದು ಅಪ್ಪನ ಹತ್ತಿರ ಬಂದಳು. ಅವನ ಹೊಟ್ಟೆ ಮುಟ್ಟಿದಳು. "ಬಾಯಿ ತೆಗಿ," ಎಂದು ಒಳಗೆ ನೋಡಿದಳು. ಮತ್ತೆ ತನ್ನ ಜಾಗಕ್ಕೆ ಹೋಗಿ ಕೂತು, ತಣ್ಣಗಾದ ಅನ್ನದ ಒಂದು ತುತ್ತು ಬಾಯಿಗಿಟ್ಟುಕೊಂಡಳು. ಅಗಿಯುತ್ತ ತಾತನನ್ನೇ ನೋಡುತ್ತಿದ್ದಳು. ಸದಾಶಿವಯ್ಯ ಮುಖ ಆಚೆ ತಿರುಗಿಸಿಕೊಂಡರು. ಐದು ತುತ್ತು ತಿಂದಳು, ಅಷ್ಟೇ. ಸಂಜೆ ಮತ್ತೆ ಆರು. ಅದು ಕಕ್ಕದೆ ಉಳಿಯಿತು.

ತಿಪ್ಪಮ್ಮ ಒಂದು ತಿಂಗಳಿಗೆ ಮನೆ ಸೇರಿದಳು. ಕೇಸು ಮಾತ್ರ ಎರಡು ವರ್ಷ ನಡೆದು, ಕದರಯ್ಯ ರಾಜಿಗೆ ಒಪ್ಪಿದ ಮೇಲೆ ಮುಗಿಯಿತು. ಸದಾಶಿವಯ್ಯ ಮತ್ತೆ ಛತ್ರದ ಒಲೆಯ ಮುಂದೆ ನಿಲ್ಲಲಿಲ್ಲ. ಇಸಾಕ್ ಸಾಬರು ಎದುರಾದಾಗ ಮಾತಾಡಿಸುತ್ತಿದ್ದರು, ಆ ಮನೆಯ ಪಾತ್ರೆ ಮಾತ್ರ ಮುಟ್ಟಲಿಲ್ಲ.

ಮರುವರ್ಷ ದೀಪಾವಳಿಗೆ ಸರ್ವಮಂಗಳಮ್ಮ ಹೋಳಿಗೆಗೆಂದು ಕಡಲೆಬೇಳೆ ನೆನೆಹಾಕಿದರು. ಬೆಳಿಗ್ಗೆ ಎದ್ದು ನೋಡಿದರೆ ಒಂಬತ್ತು ವರ್ಷದ ದಾಕ್ಷು ಸ್ಟೌವನ್ನು ನಡುಮನೆಗೆ ಎಳೆದು ತರುತ್ತಿದ್ದಳು. "ಹಬ್ಬಕ್ಕೆ ನಮ್ಮನೇಲಿ ಅನ್ನ ಸಾರು ಅಲ್ವಾ?" ಎಂದಳು. ಯಾರೂ ಇಲ್ಲವೆನ್ನಲಿಲ್ಲ. ಕಡಲೆಬೇಳೆ ಉಸುಲಿಯಾಯಿತು. ತಾತ ಬೇಯಿಸಿದರು, ಅಪ್ಪ ಮೊದಲು ತಿಂದ, ಮಿಕ್ಕವರು ಅರ್ಧ ಗಂಟೆ ಕಾದರು. ಅದರ ಮರುವರ್ಷವೂ ಹಾಗೇ. ಹುಡುಗಿ ದೊಡ್ಡವಳಾದಳು, ಸ್ಟೌ ಹೋಗಿ ಗ್ಯಾಸ್ ಬಂತು. ಈಗ ಕಾಯೋದು ಬೇಡ ಕಣೇ ಎಂದು ಅಜ್ಜಿ ಗೊಣಗಿದರೂ ಅರ್ಧ ಗಂಟೆ ಅರ್ಧ ಗಂಟೆಯಾಗಿಯೇ ಉಳಿಯಿತು. ಆ ಅರ್ಧ ಗಂಟೆಯಲ್ಲಿ ಅಪ್ಪ ಮಗ ಮಂಡಿಯ ಧಾರಣೆ, ಮಳೆ, ಮಂಡಿನೋವು ಎಂದು ಮಾ­ತಾಡಿಕೊಳ್ಳುವುದನ್ನು ಕಲಿತರು.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಸದಾಶಿವಯ್ಯ ತೀರಿಕೊಂಡರು.

"ಯಜಮಾನರು ಹೋದ ವರ್ಷ ಹಬ್ಬ ಮಾಡಬಾರದು," ಎಂದರು ಸರ್ವಮಂಗಳಮ್ಮ.

"ಹಬ್ಬದಡುಗೆ ಅಲ್ವಲ್ಲ ಅಜ್ಜಿ, ಅನ್ನ ಸಾರು," ಎಂದಳು ದಾಕ್ಷು. ಅವಳಿಗೆ ಹದಿನೈದು. ಒಬ್ಬಳೇ ಎಲ್ಲವನ್ನೂ ಮಾಡಿದಳು. ನಾಲ್ಕು ತಟ್ಟೆ ಹಾಕಿ ಬಡಿಸಿದಳು.

ಚನ್ನಬಸವ ಎಂದಿನಂತೆ ಮೊದಲು ಕಲಸಲು ಹೋದ. ಅವಳು ಅವನ ತಟ್ಟೆಯ ಮೇಲೆ ಕೈ ಅಡ್ಡ ಇಟ್ಟಳು.

"ಈ ಸಲ ನಾನು ಮಾಡಿದ್ದು. ನಾನು ಮೊದಲು ತಿಂತೀನಿ."

"ಬೇಡ ಕಣಮ್ಮ," ಎಂದ ಅವನು ತಟ್ಟನೆ. "ನಾನು ತಿಂತೀನಿ. ಯಾವಾಗ್ಲೂ ನಾನೇ ತಾನೇ."

ಅವಳು ಆಗಲೇ ಬಾಯಿಗಿಟ್ಟುಕೊಂಡಿದ್ದಳು. ತಟ್ಟೆ ಮುಗಿಸಿ, ಕೈ ತೊಳೆದು ಬಂದು, ಗಡಿಯಾರ ನೋಡಿ, ಅಪ್ಪನ ಎದುರಿಗೆ ಕೂತಳು. ಹೊಸ ಸ್ಟೀಲ್ ಪಾತ್ರೆ, ಅವಳೇ ತೊಳೆದ ಬೇಳೆ, ಅವಳೇ ಹಾಕಿದ ಉಪ್ಪು. ಆದರೂ ಚನ್ನಬಸವನ ಕಣ್ಣು ಮಗಳ ಮುಖ ಬಿಟ್ಟು ಕದಲಲಿಲ್ಲ. ಅವಳು ಒಮ್ಮೆ ಕೆಮ್ಮಿದಳು. ಅವನು ಅರ್ಧ ಎದ್ದುನಿಂತ.

"ಏನಿಲ್ಲ ಅಪ್ಪ. ಮೆಣಸಿನಕಾಯಿ."

ಅವನು ಕೂತ. ಮಂಗಳಗೌರಿ ಹತ್ತಿರ ಸರಿದು ಅವನ ಮೊಣಕೈ ಹಿಡಿದುಕೊಂಡಳು. ಅವನು ಹೆದರಿಕೆಯನ್ನು ಮುಚ್ಚಿಡಲು ಹೋಗಲಿಲ್ಲ.

ಅರ್ಧ ಗಂಟೆಯಾದ ಮೇಲೆ ದಾಕ್ಷು ಅಪ್ಪನ ತಟ್ಟೆಗೆ ಬಿಸಿ ಸಾರು ಹಾಕಿದಳು.

"ಉಣ್ಣಿ," ಎಂದಳು.